ಇನ್ನೊಬ್ಬನ ಹೆಸರಿನಲ್ಲಿ ಕೊಟ್ಟ ರಕ್ತ

ಗುಂಡುಕಲ್ಲು ಎಂಬ ಹೆಸರು ಅವನಿಗೆ ನೀರು ಸರಬರಾಜು ಕಛೇರಿಯಲ್ಲಿ ಬಿದ್ದದ್ದು. ಊರಿನ ನೆಲದಡಿಯಲ್ಲಿ ಹಾದುಹೋಗುವ ಕೊಳವೆಗಳಿಗೆ ಅಲ್ಲಲ್ಲಿ ವಾಲ್ವುಗಳಿರುತ್ತವಲ್ಲ, ಅವನ್ನು ತಿರುಗಿಸಿ ಒಂದು ಬೀದಿಗೆ ನೀರು ಬಿಡುವುದು, ಇನ್ನೊಂದಕ್ಕೆ ನಿಲ್ಲಿಸುವುದು ಅವನ ಕೆಲಸವಾಗಿತ್ತು. ತನ್ನ ಎತ್ತರದ್ದೇ ಒಂದು ಕಬ್ಬಿಣದ ಕೀಲಿಯನ್ನು ಹೆಗಲ ಮೇಲಿಟ್ಟುಕೊಂಡು ಸುತ್ತುತ್ತಿದ್ದ. ನೆಗಡಿ, ಜ್ವರ ಎಂದು ರಜೆ ಹಾಕಿದವನಲ್ಲ. ನಿವೃತ್ತಿಯಾಗುವ ಹೊತ್ತಿಗೆ ಜೊತೆಯವರಲ್ಲಿ ಒಬ್ಬನಿಗೆ ಮಂಡಿ ಹೋಗಿತ್ತು, ಇನ್ನೊಬ್ಬನಿಗೆ ಕಣ್ಣು ಹೋಗಿತ್ತು, ಇವನದು ಮಾತ್ರ ತಲೆಗೂದಲು ಹೋಗಿತ್ತು, ಅಷ್ಟೇ.

ಅವನ ಜೀವದ ಗೆಳೆಯ ಮೀಟರ್. ಮನೆಮನೆಗೆ ಹೋಗಿ ನೀರಿನ ಮೀಟರು ಓದುತ್ತಿದ್ದವನಾದ್ದರಿಂದ ಆ ಹೆಸರು. ಮಾತು ಜಾಸ್ತಿ, ನಡಿಗೆ ಚುರುಕು, ತನಗೆ ಗೊತ್ತಿಲ್ಲದ ವಿಷಯ ಜಗತ್ತಿನಲ್ಲಿ ಇಲ್ಲವೆಂಬ ಧೈರ್ಯ. ಇವನು ಬಿಟ್ಟ ನೀರನ್ನು ಅವನು ಅಳೆಯಬೇಕು, ಹಾಗಾಗಿ ಇಬ್ಬರಿಗೂ ಅವೇ ಬೀದಿಗಳು, ಅದೇ ಚಹಾದ ಅಂಗಡಿ. ಮೀಟರ್ ಒಂದು ವರ್ಷ ದೊಡ್ಡವನು. ಅವನ ಹೆಂಡತಿಯನ್ನು ಗುಂಡುಕಲ್ಲು ಅತ್ತಿಗೆ ಎಂದೇ ಕರೆಯುತ್ತಿದ್ದ. ಮೈಕಟ್ಟು, ಬೋಳುತಲೆ, ದಪ್ಪ ಕನ್ನಡಕ ಎಲ್ಲ ಸೇರಿ ಇಬ್ಬರೂ ದೂರದಿಂದ ಒಂದೇ ಥರ ಕಾಣುತ್ತಿದ್ದರು. ಅರವತ್ತು ದಾಟಿದ ಮೇಲೆ ಗಂಡಸರ ಮುಖವನ್ನು ಯಾರು ತಾನೇ ಅಷ್ಟು ಗಮನವಿಟ್ಟು ನೋಡುತ್ತಾರೆ!

ಆ ಕಛೇರಿಯಲ್ಲಿ ಒಂದು ರೂಢಿ ಇತ್ತು. ಅದಕ್ಕೆ ಬದಲಿ ನಿಲ್ಲುವುದು ಎನ್ನುತ್ತಿದ್ದರು. ಒಬ್ಬನಿಗೆ ಪಾಳಿಗೆ ಬರಲಾಗದಿದ್ದರೆ ಇನ್ನೊಬ್ಬ ಅವನ ಜಾಗದಲ್ಲಿ ಕೆಲಸ ಮಾಡುವುದು. ಹಾಜರಿ ಕೂಗಿದಾಗ ಬಾರದವನ ಹೆಸರಿಗೆ ಓ ಎನ್ನುವುದು. ಹೆಸರು ಅವನದು, ಮೈ ಇವನದು. ಮೇಲಿನವರಿಗೂ ಗೊತ್ತಿತ್ತು, ನೀರು ಬಂದರೆ ಸಾಕು ಎಂದು ಸುಮ್ಮನಿರುತ್ತಿದ್ದರು. ಮೀಟರಿನ ಮದುವೆಯ ವಾರ ಪೂರ್ತಿ ಗುಂಡುಕಲ್ಲು ಅವನ ಹೆಸರಿಗೆ ಓ ಅಂದಿದ್ದ. ಇಂಥ ಅಭ್ಯಾಸ ಕೆಲಸದ ಜೊತೆಗೇ ನಿವೃತ್ತಿಯಾಗಬೇಕಿತ್ತು. ಆಗಲಿಲ್ಲ.

ನಿವೃತ್ತರಿಗೆಂದು ಪಂಪುಮನೆಯ ಹಿಂದೆ ಒಂದು ಕೋಣೆ ಕೊಟ್ಟಿದ್ದರು. ಹಿಂದೆ ನೀರಿಗೆ ಹಾಕುವ ಔಷಧಿಯ ಉಗ್ರಾಣವಾಗಿದ್ದ ಅದರ ಗೋಡೆಗಳಿಂದ ಆ ಘಾಟು ಎಂದೂ ಹೋಗಿರಲಿಲ್ಲ. ನೆಲದಡಿಯಲ್ಲೇ ಊರಿನ ದೊಡ್ಡ ಕೊಳವೆ ಹಾದುಹೋಗುತ್ತಿತ್ತು. ಎಲ್ಲರೂ ಮಾತು ನಿಲ್ಲಿಸಿದರೆ ಕಾಲಡಿಯಿಂದ ಒಂದು ಗುಂಯ್ ಸದ್ದು ಬರುತ್ತಿತ್ತು, ಯಾರೋ ಬಾಯಿ ಮುಚ್ಚಿಕೊಂಡು ನರಳಿದ ಹಾಗೆ. ಅದಕ್ಕೇ ಏನೋ, ಅಲ್ಲಿ ಯಾರೂ ಮಾತು ನಿಲ್ಲಿಸುತ್ತಿರಲಿಲ್ಲ.

ಆ ಕೋಣೆಗೆ ಒಂದು ದಿನ ವಿಮೆಯ ಹೆಂಗಸು ಬಂದಳು. ಸರಳವಾಗಿ ತಿಳಿಸಿ ಹೇಳುವುದು ಆಕೆಗೆ ಗೊತ್ತಿತ್ತು.

"ಕಛೇರಿಯವರು ನಿಮಗೆ ಕೊಟ್ಟಿರೋ ಆರೋಗ್ಯ ವಿಮೆ ಒಂದು ಬಕೆಟ್ಟು ಅಂದ್ಕೊಳ್ಳಿ. ಆಸ್ಪತ್ರೆ ಖರ್ಚು ಅಷ್ಟರೊಳಗಿದ್ರೆ ಸರಿ. ತುಂಬಿ ಹೊರಗೆ ಚೆಲ್ಲಿದ್ದೆಲ್ಲ ನಿಮ್ಮ ತಲೆ ಮೇಲೆ. ಈ ವಯಸ್ಸಲ್ಲಿ ಇನ್ನೊಂದು ಪೂರ್ತಿ ವಿಮೆ ತಗೊಳ್ಳೋಕೆ ಹೋದ್ರೆ ಪಿಂಚಣಿ ಎಲ್ಲ ಅದಕ್ಕೇ ಹೋಗುತ್ತೆ. ಅದಕ್ಕೇ ಟಾಪ್-ಅಪ್ ಅಂತ ಇರೋದು. ಬಕೆಟ್ಟಿನ ಕೆಳಗೆ ಒಂದು ತೊಟ್ಟಿ ಇಟ್ಟ ಹಾಗೆ. ಚೆಲ್ಲಿದ್ದನ್ನ ಅದು ಹಿಡಿಯುತ್ತೆ. ಕಂತೂ ಕಮ್ಮಿ."

"ಸೋರೋದರ ಬಗ್ಗೆ ನಮಗೇ ಪಾಠ ಹೇಳ್ತಾ ಇದ್ದಾರಲ್ಲಪ್ಪ," ಎಂದ ಮೀಟರ್. ಎಲ್ಲರೂ ನಕ್ಕರು.

"ಒಂದೇ ಸಲದ ಖರ್ಚು ದೊಡ್ಡದಾದ್ರೆ ಮಾತ್ರ ಕೊಡೋದು ಒಂದು ಥರ. ವರ್ಷಪೂರ್ತಿ ಸಣ್ಣಸಣ್ಣದಾಗಿ ಆದದ್ದನ್ನೂ ಕೂಡಿಸಿ ನೋಡೋದು ಇನ್ನೊಂದು ಥರ. ಪದೇ ಪದೇ ಆಸ್ಪತ್ರೆಗೆ ಹೋಗೋ ಕಾಯಿಲೆ ಇದ್ರೆ ಎರಡನೇದೇ ತಗೊಳ್ಳಿ. ಆದ್ರೆ ಇರೋ ಕಾಯಿಲೆ ಮುಚ್ಚಿಡಬೇಡಿ. ಹೇಳಿದ್ರೆ ಕಂತು ಸ್ವಲ್ಪ ಹೆಚ್ಚಾಗುತ್ತೆ, ಆ ಕಾಯಿಲೆಗೆ ಎರಡು ವರ್ಷ ಕಾಯಬೇಕಾಗುತ್ತೆ. ಮುಚ್ಚಿಟ್ಟು ಸಿಕ್ಕಿಬಿದ್ರೆ ಏನೂ ಸಿಗಲ್ಲ."

ಎಲ್ಲರೂ ತಲೆಯಾಡಿಸಿದರು. ಮೀಟರ್ ಮಾತ್ರ ನೆಲ ನೋಡುತ್ತಿದ್ದ. ಅವನಿಗೆ ಬಹಳ ಹಿಂದಿನಿಂದಲೂ ಸಕ್ಕರೆ ಕಾಯಿಲೆ ಇತ್ತು. ಮನೆಯವರಿಗೆ ಮತ್ತು ಗುಂಡುಕಲ್ಲಿಗೆ ಬಿಟ್ಟು ಇನ್ಯಾರಿಗೂ ಗೊತ್ತಿರಲಿಲ್ಲ.

ಅಂದು ಸಂಜೆ ಮನೆಗೆ ಹೋಗುವ ದಾರಿಯಲ್ಲಿ ಮೀಟರ್ ಗೆಳೆಯನ ತೋಳು ಹಿಡಿದ.

"ನಿನ್ನ ರಕ್ತ ಸ್ವಲ್ಪ ಬೇಕಿತ್ತು ಕಣೋ."

"ಸೊಳ್ಳೆ ಕೇಳದೇ ಕುಡಿಯುತ್ತೆ. ನೀನು ಕೇಳ್ತಾ ಇದೀಯಲ್ಲ, ಪರವಾಗಿಲ್ಲ," ಎಂದ ಗುಂಡುಕಲ್ಲು.

"ತಮಾಷೆ ಅಲ್ಲ. ವಿಮೆಯವರು ತಪಾಸಣೆಗೆ ಕರೀತಾರೆ. ಸಕ್ಕರೆ ಇದೆ ಅಂತ ಗೊತ್ತಾದ್ರೆ ನನ್ನ ಅರ್ಜಿ ಕಸದ ಬುಟ್ಟಿಗೇ. ಒಂದು ಸಲ ಬದಲಿ ನಿಂತುಬಿಡು. ನನ್ನ ಗುರುತಿನ ಚೀಟಿಲಿರೋ ಫೋಟೋ ನನಗಿಂತ ನಿನಗೇ ಚೆನ್ನಾಗಿ ಹೋಲುತ್ತೆ."

"ಎರಡು ವರ್ಷ ಕಾದ್ರೆ ಕೊಡ್ತೀವಿ ಅಂದ್ರಲ್ಲೋ ಆ ಹೆಂಗಸು."

"ಅವರೆಲ್ಲ ಹಾಗೇ ಹೇಳೋದು. ನಿನಗೆ ಗೊತ್ತಾಗಲ್ಲ, ಸುಮ್ನಿರು."

ಗುಂಡುಕಲ್ಲಿಗೆ ಇಲ್ಲ ಎನ್ನಲು ನಾಲಿಗೆ ಬರಲಿಲ್ಲ. ನಿಜ ಹೇಳಬೇಕೆಂದರೆ ಒಳಗೊಳಗೇ ಅವನಿಗೆ ಹೆಮ್ಮೆಯೂ ಆಗಿತ್ತು. ನಿವೃತ್ತಿಯಾದ ಮೇಲೆ ಅವನ ಗಟ್ಟಿ ಮೈಯನ್ನು ಯಾರೂ ಯಾವ ಕೆಲಸಕ್ಕೂ ಕೇಳಿರಲಿಲ್ಲ.

ತಪಾಸಣೆಯ ಜಾಗ ಒಂದು ಕಟ್ಟಡದ ತಳಮಹಡಿಯಲ್ಲಿತ್ತು. ಕಿಟಕಿಯಿಲ್ಲದ ಉದ್ದನೆಯ ಕೋಣೆ, ಗೋಡೆಗುಂಟ ಕುರ್ಚಿಗಳು, ಎಲ್ಲದರಲ್ಲೂ ವಯಸ್ಸಾದವರು. ಮೀಟರಿನ ಹೆಸರು ಕೂಗಿದರು. ಗುಂಡುಕಲ್ಲು ಅಭ್ಯಾಸದಂತೆ ಓ ಎಂದ. ಎದ್ದು ನಿಂತಾಗ ತನ್ನ ಕುರ್ಚಿಯಲ್ಲಿ ಇನ್ನೂ ಯಾರೋ ಕೂತೇ ಇದ್ದಾರೆ ಎನಿಸಿ ಒಮ್ಮೆ ತಿರುಗಿ ನೋಡಿದ. ಕುರ್ಚಿ ಖಾಲಿ ಇತ್ತು.

ರಕ್ತ ತೆಗೆಯುವವಳು ತಲೆಯೆತ್ತದೆ ಕೇಳಿದಳು. "ತಾಯಿಗೆ ಸಕ್ಕರೆ ಇತ್ತಾ?"

ಯಾರ ತಾಯಿಗೆ? ಮೀಟರಿನ ತಾಯಿಯ ನೆನಪಾಯಿತು. ಕೊನೆಗಾಲದಲ್ಲಿ ಆಕೆಯ ಹೆಬ್ಬೆರಳು ತೆಗೆದಿದ್ದರು. ಹಾಸಿಗೆಯ ಪಕ್ಕ ಕೂತು ಅವಳ ಪಾದಕ್ಕೆ ಬಟ್ಟೆ ಸುತ್ತಿದ್ದವನು ಇವನೇ.

"ಇಲ್ಲ," ಎಂದ.

ಕೊಳವೆಯೊಳಗೆ ರಕ್ತ ಕಪ್ಪಾಗಿ ಏರಿತು. ಅವಳು ಅದರ ಮೇಲೆ ಚೀಟಿ ಅಂಟಿಸಿದಳು. ಇನ್ನೂ ಬೆಚ್ಚಗಿದ್ದ ತನ್ನ ರಕ್ತದ ಮೇಲೆ ಬೇರೆಯವನ ಹೆಸರು ಕೂತದ್ದನ್ನು ನೋಡಿ ಗುಂಡುಕಲ್ಲಿನ ಬೆನ್ನಿನಲ್ಲಿ ಸಣ್ಣಗೆ ಚಳಿ ಹತ್ತಿತು. ಹೊರಗೆ ಬಂದು ಬಿಸಿ ಚಹಾ ಕುಡಿದ. ಚಳಿ ಹೋಯಿತು ಎಂದುಕೊಂಡ.

ಟಾಪ್-ಅಪ್ ತೊಟ್ಟಿ ಮೀಟರಿಗೆ ಸಿಕ್ಕಿತು. ಕಾಯಿಲೆ ಏನೂ ಇಲ್ಲದ ಮನುಷ್ಯನಿಗೆ ಸಿಗುವ ಕಡಿಮೆ ಕಂತಿನಲ್ಲೇ ಸಿಕ್ಕಿತು. ಮೀಟರ್ ಆ ವರದಿಯನ್ನು ಕಂಡಕಂಡವರಿಗೆ ತೋರಿಸುತ್ತ ಓಡಾಡಿದ. ಮೊದಮೊದಲು ಅದು ಕಳ್ಳನಗುವಾಗಿತ್ತು. ಬರಬರುತ್ತ ನಗು ಹೋಯಿತು, ನಂಬಿಕೆ ಉಳಿಯಿತು.

"ವೈದ್ಯರ ಹತ್ರ ಹೋದ್ರೆ ದಾಖಲೆ ಆಗುತ್ತೆ," ಎಂದು ಹೋಗುವುದನ್ನು ನಿಲ್ಲಿಸಿದ. ಆಮೇಲೆ ಮಾತ್ರೆಯನ್ನೂ ನಿಲ್ಲಿಸಿದ. ಗುಂಡುಕಲ್ಲು ಬೈದರೆ, "ವರದಿ ನೋಡಿದೀಯಲ್ಲ, ನನಗೇನಾಗಿದೆ?" ಎನ್ನುತ್ತಿದ್ದ. ಚಹಾದ ಅಂಗಡಿಯಲ್ಲಿ ತನ್ನ ಲೋಟಕ್ಕೆ ಸಕ್ಕರೆ ಸುರಿದುಕೊಂಡು, ಗುಂಡುಕಲ್ಲಿನ ಲೋಟದ ಮೇಲೆ ಅಂಗೈ ಮುಚ್ಚುತ್ತಿದ್ದ.

"ನಿನಗೆ ಬೇಡ. ನೀನು ಹುಷಾರಾಗಿರಬೇಕು ಕಣೋ. ನನ್ನ ಆರೋಗ್ಯ ಇರೋದು ನಿನ್ನ ಮೈಲಿ."

ಹೇಳುವಾಗ ಅವನ ಮುಖದಲ್ಲಿ ತಮಾಷೆ ಇರಲಿಲ್ಲ. ಕಣ್ಣುಗಳು ಗುಂಡುಕಲ್ಲಿನ ತೋಳನ್ನು, ಕುತ್ತಿಗೆಯನ್ನು, ಪಾದವನ್ನು ಒಂದೊಂದಾಗಿ ಮುಟ್ಟಿ ಬರುತ್ತಿದ್ದವು, ಬಾಡಿಗೆಗೆ ಕೊಟ್ಟ ಮನೆಯನ್ನು ಮಾಲೀಕ ಬಂದು ನೋಡಿಹೋಗುವ ಹಾಗೆ.

ಗುಂಡುಕಲ್ಲಿಗೆ ಬಾಯಾರಿಕೆ ಶುರುವಾದದ್ದು ಆ ದಿನಗಳಲ್ಲೇ. ಎಷ್ಟು ನೀರು ಕುಡಿದರೂ ನಾಲಿಗೆ ಒಣಗುತ್ತಿತ್ತು. ಪಾದ ಜೋಮು ಹಿಡಿಯುತ್ತಿತ್ತು, ಮೆಟ್ಟಿದ ನೆಲ ಬಟ್ಟೆಯ ಹಾಗೆ ಮೆತ್ತಗಾಗುತ್ತಿತ್ತು. ಹೆಂಡತಿ ಗಾಬರಿಯಾಗಿ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಡಾಕ್ಟರು ರಕ್ತ ನೋಡಿ, "ಏನೂ ಇಲ್ಲ, ನಿಮ್ಮದು ಗುಂಡುಕಲ್ಲಿನಂಥ ಮೈ," ಎಂದರು. ಅವರಿಗೆ ಇವನ ಅಡ್ಡಹೆಸರು ಗೊತ್ತಿರಲಿಲ್ಲ. ಎರಡನೇ ಸಲ ಹೋದಾಗಲೂ ಏನೂ ಸಿಗಲಿಲ್ಲ. ಬಾಯಾರಿಕೆ ಮಾತ್ರ ಹೋಗಲಿಲ್ಲ.

"ನಿಮಗೆ ಏನಾದ್ರೂ ಹೆದರಿಕೆ ಇದೆಯಾ?" ಎಂದು ಹೆಂಡತಿ ಕೇಳಿದಳು.

ಅವನು ಇನ್ನೊಂದು ಲೋಟ ನೀರು ಬಗ್ಗಿಸಿಕೊಂಡ. ಬಾಯಾರಿಕೆ ಯಾರದು ಎಂದು ಅವನಿಗೆ ಗೊತ್ತಿತ್ತು.

ಮೂರನೆಯ ವರ್ಷ ಮೀಟರ್ ಬೀದಿಯಲ್ಲಿ ಕುಸಿದುಬಿದ್ದ. ಎರಡೂ ಮೂತ್ರಪಿಂಡಗಳು ಕೈಕೊಟ್ಟಿದ್ದವು. ಆಸ್ಪತ್ರೆಯಲ್ಲಿ ಮಲಗಿಸಿ, ಯಂತ್ರಕ್ಕೆ ಹಾಕಿ, ಅವನ ರಕ್ತವನ್ನು ಹೊರಗೆ ತೆಗೆದು ತೊಳೆದು ಮತ್ತೆ ಒಳಗೆ ಬಿಡುತ್ತಿದ್ದರು. ಕಛೇರಿಯ ವಿಮೆಯ ಬಕೆಟ್ಟು ಬೇಗನೇ ತುಂಬಿತು. ಅತ್ತಿಗೆ ಮನೆಯನ್ನು ಒತ್ತೆ ಇಟ್ಟು ಒಂದಷ್ಟು ಕಟ್ಟಿದಳು. ಇನ್ನು ಟಾಪ್-ಅಪ್ ಕೊಡಬೇಕು. ಅದು ಕೊಟ್ಟರೆ ಚಿಕಿತ್ಸೆ ನಡೆಯುತ್ತದೆ, ಮನೆಯೂ ಉಳಿಯುತ್ತದೆ. ಕೊಡದಿದ್ದರೆ ಎರಡೂ ಇಲ್ಲ.

"ಸಕ್ಕರೆ ಇದೆ ಅಂತ ಅವತ್ತೇ ಹೇಳಿದ್ರೆ ಏನಾಗ್ತಿತ್ತು?" ಎಂದಳು ಗುಂಡುಕಲ್ಲಿನ ಹೆಂಡತಿ. ಅವಳಿಗೆ ಬದಲಿಯ ವಿಷಯ ತಿಳಿದಿರಲಿಲ್ಲ, ಮೀಟರ್ ಕಾಯಿಲೆ ಮುಚ್ಚಿಟ್ಟದ್ದು ಮಾತ್ರ ತಿಳಿದಿತ್ತು. "ಎರಡು ವರ್ಷ ಕಾಯೋದಿತ್ತು, ಅಷ್ಟೇ ಅಲ್ವಾ? ಅದು ಯಾವಾಗಲೋ ಮುಗಿದುಹೋಗಿರ್ತಿತ್ತು. ಈಗ ನ್ಯಾಯವಾಗೇ ದುಡ್ಡು ಬರ್ತಿತ್ತು."

ಗುಂಡುಕಲ್ಲು ಊಟದ ತಟ್ಟೆ ಸರಿಸಿ ಎದ್ದ.

ಕಂಪನಿಯವರಿಗೆ ಅನುಮಾನ ಬಂದದ್ದು ರಕ್ತದ ಗುಂಪಿನಿಂದ. ತಪಾಸಣೆಯ ವರದಿಯಲ್ಲಿ ಒಂದು ಗುಂಪು, ಆಸ್ಪತ್ರೆಯ ಕಾಗದದಲ್ಲಿ ಇನ್ನೊಂದು. ಮನುಷ್ಯನ ಹಣೆಬರಹ ಬದಲಾದರೂ ಬದಲಾದೀತು, ರಕ್ತದ ಗುಂಪು ಬದಲಾಗುವುದಿಲ್ಲ. ನಮ್ಮ ಡಾಕ್ಟರು ಬಂದು ರೋಗಿಯ ಹಾಸಿಗೆಯ ಬಳಿಯೇ ರಕ್ತ ನೋಡುತ್ತಾರೆ, ಆಮೇಲೆ ತೀರ್ಮಾನ ಎಂದು ಹೇಳಿ ಕಳಿಸಿದರು.

ಮೀಟರ್ ಮಲಗಿದಲ್ಲಿಂದಲೇ ಗೆಳೆಯನ ಬೆರಳು ಹಿಡಿದುಕೊಂಡ. ಅವನು ಅರ್ಧಕ್ಕರ್ಧ ಇಳಿದುಹೋಗಿದ್ದ.

"ಇನ್ನೊಂದೇ ಸಲ ಕಣೋ. ಆ ಡಾಕ್ಟರು ಬಂದು ಹೋಗೋ ತನಕ ನೀನು ಇಲ್ಲಿ ಮಲಕ್ಕೋ. ನಿನ್ನ ಗುಂಪು ಅವರ ವರದಿಗೆ ತಾಳೆಯಾಗುತ್ತೆ. ಆಸ್ಪತ್ರೆಯವರು ತಪ್ಪು ಬರೆದಿದಾರೆ ಅಂತ ಆಗಿಹೋಗುತ್ತೆ."

ಗುಂಡುಕಲ್ಲು ಅತ್ತಿಗೆಯ ಕಡೆ ನೋಡಿದ. ಬೇಡ ಎನ್ನಲಿ ಎಂದು ಆಸೆಪಟ್ಟ. ಅವಳು ಅವನ ಕಣ್ಣು ತಪ್ಪಿಸಿ ನೀರಿನ ಬಾಟಲಿಯ ಮುಚ್ಚಳ ತಿರುಗಿಸುತ್ತಿದ್ದಳು. ಮುಚ್ಚಳ ಆಗಲೇ ಬಿಗಿಯಾಗಿತ್ತು, ಆದರೂ ತಿರುಗಿಸುತ್ತಿದ್ದಳು.

ಮಧ್ಯಾಹ್ನ ನೋಡಲು ಬರುವವರ ಹೊತ್ತು. ವಾರ್ಡಿನ ತುಂಬ ಜನ. ದಾದಿಯರ ಪಾಳಿ ಆಗತಾನೇ ಬದಲಾಗಿ ಹೊಸಬಳೊಬ್ಬಳು ಬಂದಿದ್ದಳು. ಹಸಿರು ಪರದೆ ಎಳೆದುಕೊಂಡು ಇಬ್ಬರು ಮುದುಕರೂ ಬಟ್ಟೆ ಬದಲಾಯಿಸಿಕೊಂಡರು. ಗುಂಡುಕಲ್ಲಿನ ಅಂಗಿಯೊಳಗೆ ಮೀಟರ್ ಎಲ್ಲಿದ್ದಾನೆಂದು ಹುಡುಕಬೇಕಾಗಿತ್ತು. ಮೀಟರಿನ ಮಣಿಕಟ್ಟಿನ ಪ್ಲಾಸ್ಟಿಕ್ ಪಟ್ಟಿ, ಹೆಸರು ಬರೆದದ್ದು, ತಾನಾಗಿಯೇ ಜಾರಿ ಬಂತು. ಅದು ಗುಂಡುಕಲ್ಲಿನ ಕೈಗೆ ಹತ್ತಲಿಲ್ಲ. ಅತ್ತಿಗೆ ಸೋಪಿನ ನೀರು ಹಚ್ಚಿ ಗೆಣ್ಣಿನ ಮೇಲಿಂದ ನೂಕಿದಳು. ಒಳಗೆ ಹೋದದ್ದೇ ಅದು ಮಾಂಸಕ್ಕೆ ಕಚ್ಚಿ ಕೂತಿತು.

ಹಾಸಿಗೆ ಇನ್ನೂ ಬೆಚ್ಚಗಿತ್ತು. ದಿಂಬಿನಲ್ಲಿ ಇನ್ನೊಬ್ಬನ ತಲೆಯ ಗುಂಡಿ ಹಾಗೇ ಇತ್ತು. ಗುಂಡುಕಲ್ಲಿನ ತಲೆ ಅದರೊಳಗೆ ಸರಿಯಾಗಿ ಕೂತಿತು. ಮಲಗಿದೊಡನೆ ಬಾಯಾರಿಕೆ ಉಕ್ಕಿ ಬಂತು.

ಮೀಟರ್ ಗೋಡೆಯ ಪಕ್ಕದ ಕುರ್ಚಿಯಲ್ಲಿ ಕೂತು ಗೆಳೆಯನ ಕನ್ನಡಕ ಏರಿಸಿದ. ಬಹಳ ದಿನದ ಮೇಲೆ ಅವನ ಮುಖದಲ್ಲಿ ಹಳೆಯ ತುಂಟತನ ಕಂಡಿತು.

"ಈಗ ನಾನು ಗಟ್ಟಿ, ನೀನು ರೋಗಿ. ಹೇಗಿದೆ ಆರೋಗ್ಯ?"

ಪಕ್ಕದ ಹಾಸಿಗೆಯ ಮುದುಕ ಪರದೆ ಸರಿಸುವುದನ್ನೇ ನೋಡುತ್ತಿದ್ದ. ರೆಪ್ಪೆ ಬಡಿಯದೆ, "ಎದ್ದವರು ಯಾರು, ಮಲಗಿದವರು ಯಾರು?" ಎಂದು ಕೇಳಿದ. ಅತ್ತಿಗೆ ಬಗ್ಗಿ ಹೊದಿಕೆ ಸರಿಮಾಡತೊಡಗಿದಳು. ಅವನೂ ಇನ್ನೊಮ್ಮೆ ಕೇಳಲಿಲ್ಲ, ಮೆಲ್ಲಗೆ ನಕ್ಕು ಗೋಡೆಯ ಕಡೆ ಹೊರಳಿದ.

ಹೊಸ ದಾದಿ ಬಂದು ಗುಂಡುಕಲ್ಲಿನ ನಾಡಿ ಹಿಡಿದಳು. "ಇವತ್ತು ಪರವಾಗಿಲ್ಲ, ಚೆನ್ನಾಗಿದೀರಿ," ಎಂದಳು. ಅವಳ ಹಿಂದೆಯೇ ಕಂಪನಿಯ ಡಾಕ್ಟರು ಬಂದರು. ಇಸ್ತ್ರಿ ಮುರಿಯದ ಬಟ್ಟೆ, ಮೆತ್ತನೆಯ ಮಾತು, ತಣ್ಣನೆಯ ಕೈ. ಮಣಿಕಟ್ಟಿನ ಪಟ್ಟಿಯನ್ನು ಓದಿ, ಗಟ್ಟಿಯಾಗಿ ಹೆಸರು ಹೇಳಿ, ಹೌದೇ ಎನ್ನುವಂತೆ ನೋಡಿದರು.

"ಓ," ಎಂದ ಗುಂಡುಕಲ್ಲು.

ಅತ್ತಿಗೆ ಅವನ ಹಣೆಯ ಮೇಲೆ ಕೈ ಇಟ್ಟಳು. "ರೀ, ಡಾಕ್ಟರು ಕೇಳಿದ್ದಕ್ಕೆ ಹೇಳಿ," ಎಂದಳು. ಆ ರೀ ಎಷ್ಟು ಸಹಜವಾಗಿ ಬಂತೆಂದರೆ ಗುಂಡುಕಲ್ಲಿಗೆ ಅವಳ ಮುಖ ನೋಡಲು ಹೆದರಿಕೆಯಾಯಿತು.

"ಏನು ತೊಂದರೆ ಇದೆ?"

"ಬಾಯಾರಿಕೆ. ಎಷ್ಟು ಕುಡಿದ್ರೂ ಹೋಗಲ್ಲ. ಪಾದ ಇದ್ದೂ ಇಲ್ಲದ ಹಾಗಿದೆ. ಎರಡು ವರ್ಷದ ಮೇಲಾಯ್ತು." ಹೇಳುತ್ತ ಹೇಳುತ್ತ ಒಂದು ಮಾತನ್ನೂ ತಾನು ಸುಳ್ಳು ಹೇಳುತ್ತಿಲ್ಲವೆಂದು ಅವನಿಗೆ ತಿಳಿಯಿತು.

ಡಾಕ್ಟರು ಬೆರಳು ಚುಚ್ಚಿ, ಬಿಳಿ ಹಲಗೆಯ ಮೇಲೆ ರಕ್ತದ ಹನಿಗಳನ್ನಿಟ್ಟು, ಅವಕ್ಕೆ ಔಷಧಿ ಬೆರೆಸಿ ಅಲುಗಾಡಿಸುತ್ತ ಕಾದರು. ಹನಿ ಗಂಟುಗಂಟಾಗುವುದನ್ನು ನೋಡಿ ಅವರು ತಲೆಯಾಡಿಸಿದರು.

"ಗುಂಪು ಸರಿಯಾಗಿದೆ, ನಮ್ಮ ವರದಿಲಿರೋದೇ. ತಪ್ಪು ಆಸ್ಪತ್ರೆಯವರದು. ಅಮ್ಮ, ನೀವು ಚಿಂತೆ ಮಾಡಬೇಡಿ. ನಿಮಗೆ ಹಣ ಮಂಜೂರಾಗುತ್ತೆ."

ಅತ್ತಿಗೆಯ ಎದೆಯಿಂದ ಒಂದು ನಿಟ್ಟುಸಿರು ಹೊರಬಿತ್ತು. ಗೆದ್ದೆವು ಎಂದುಕೊಂಡ ಗುಂಡುಕಲ್ಲು. ಗೆಳೆಯನ ಮುಖ ನೋಡಬೇಕೆನಿಸಿತು, ಕನ್ನಡಕವಿಲ್ಲದ ಕಣ್ಣಿಗೆ ಗೋಡೆಯ ಪಕ್ಕ ತನ್ನದೇ ಅಂಗಿ ಮಸುಕಾಗಿ ಕಂಡಿತು, ಅಷ್ಟೇ.

ಡಾಕ್ಟರು ಚೀಲ ಮುಚ್ಚುತ್ತ ಆ ಕಡೆ ತಿರುಗಿದರು. "ಅವರು ಯಾರು? ನಿದ್ದೆ ಹೋಗಿದಾರಾ?"

"ನಮ್ಮವರ ಜೊತೆ ಕೆಲಸ ಮಾಡ್ತಿದ್ದವರು," ಎಂದಳು ಅತ್ತಿಗೆ.

ಡಾಕ್ಟರು ಎರಡು ಹೆಜ್ಜೆ ಹೋಗಿ ಆ ಭುಜ ಮುಟ್ಟಿದರು. ಕನ್ನಡಕ ಜಾರಿ ನೆಲಕ್ಕೆ ಬಿತ್ತು. ಕುತ್ತಿಗೆಯ ಮೇಲೆ ಬೆರಳಿಟ್ಟು ಸ್ವಲ್ಪ ಹೊತ್ತು ಬಗ್ಗಿ ನಿಂತಿದ್ದರು. ಎದ್ದಾಗ ಅವರ ಧ್ವನಿ ಇನ್ನೂ ಮೆತ್ತಗಾಗಿತ್ತು.

"ಹೋಗಿಬಿಟ್ಟಿದಾರೆ. ಹೃದಯ ನಿಂತಿದೆ. ಪಾಪ, ಗೆಳೆಯನನ್ನ ನೋಡೋಕೆ ಬಂದವರು... ಇವರ ಮನೆಯವರಿಗೆ ತಿಳಿಸಬೇಕಲ್ಲ. ಹೆಸರೇನು ಇವರದು?"

ಅತ್ತಿಗೆ ಗುಂಡುಕಲ್ಲಿನ ಹೆಸರು ಹೇಳಿದಳು. ಸ್ಪಷ್ಟವಾಗಿ, ತಡವರಿಸದೆ ಹೇಳಿದಳು.

ತಾನು ಸತ್ತ ಸುದ್ದಿಯನ್ನು ಗುಂಡುಕಲ್ಲು ಮಲಗಿಕೊಂಡು ಕೇಳಿದ. ದಾದಿ ಸತ್ತವನ ಜೇಬಿನಿಂದ ಫೋನು ತೆಗೆದಳು. ಅದು ಇವನ ಫೋನು. ಹುಡುಕಿ, ಮನೆ ಎಂದಿದ್ದ ಕಡೆ ಒತ್ತಿದಳು. ಆ ಕಡೆ ರಿಂಗಾಗುವುದು ಹಾಸಿಗೆಯವರೆಗೂ ಕೇಳಿಸುತ್ತಿತ್ತು.

ಅವನ ಹಣೆಯ ಮೇಲೆ ಅತ್ತಿಗೆಯ ಕೈ ಹಾಗೇ ಇತ್ತು. ಅದು ನಡುಗುತ್ತಿರಲಿಲ್ಲ, ಅದೇ ಭಯಂಕರವಾಗಿತ್ತು. ಅಂಗೈ ಬರಬರುತ್ತ ತಣ್ಣಗಾಗುತ್ತ, ಭಾರವಾಗುತ್ತ ಹೋಯಿತು. ಅವಳು ಗಂಡನ ಕಡೆ ನೋಡುತ್ತಿರಲಿಲ್ಲ. ಡಾಕ್ಟರನ್ನು ನೋಡುತ್ತಿದ್ದಳು. ಬಾಯಿ ಅರ್ಧ ತೆರೆದಿತ್ತು. ಅದರಿಂದ ಗಾಳಿ ಮಾತ್ರ ಹೋಗಿ ಬರುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಡಾಕ್ಟರು ಹೊರಗೆ ಹೋಗುವವರೆಗೆ ಅಳು ತಡೆದರೆ ಮನೆ ಉಳಿಯುತ್ತದೆ. ಇವಳು ತಡೆಯುತ್ತಾಳೆ ಎಂದು ಗುಂಡುಕಲ್ಲಿಗೆ ಗೊತ್ತಾಯಿತು. ಇವತ್ತು ತಡೆದವಳು ನಾಳೆಯೂ ತಡೆಯಬೇಕು. ತನ್ನ ಹೆಂಡತಿಯೂ ಬಂದು, ನಿಜ ಕಂಡರೂ ಬಾಯಿ ಮುಚ್ಚಿಕೊಂಡು ಹೆಣವನ್ನು ಒಯ್ಯಬೇಕು. ತನ್ನ ಹೆಸರಿನಲ್ಲಿ ಅದು ಮಣ್ಣಾಗುತ್ತದೆ. ಈ ಹೆಂಗಸಿಗೆ ಅತ್ತು ಮುಗಿಸಲು ಒಂದು ಹೆಣವೂ ಸಿಗುವುದಿಲ್ಲ. ಜೀವಮಾನದಲ್ಲಿ ಯಾರ ಪಾಳಿಗೂ ಒಲ್ಲೆ ಎನ್ನದ ಅವನಿಗೆ ಅಸಹ್ಯವಾಯಿತು, ತನ್ನ ಮೇಲೆಯೇ.

"ಹಲೋ? ರೀ?" ಎಂದಿತು ಫೋನು.

ಗುಂಡುಕಲ್ಲು ಎದ್ದು ಕೂತು, ಕೈ ಚಾಚಿ ದಾದಿಯ ಕೈಯಿಂದ ಫೋನು ಕಿತ್ತುಕೊಂಡ.

"ನಾನೇ ಕಣೆ. ನನಗೇನೂ ಆಗಿಲ್ಲ," ಎಂದ, ಇಡೀ ವಾರ್ಡಿಗೆ ಕೇಳುವಂತೆ. "ಹೋದದ್ದು ಮೀಟರ್. ನಾನು ಅವನ ಹಾಸಿಗೇಲಿ ಮಲಗಿದ್ದೆ. ನೀನು ಬೇಗ ಬಾ, ಅತ್ತಿಗೆ ಒಬ್ಬರೇ ಇದಾರೆ."

ಡಾಕ್ಟರು ಅವನ ಮಣಿಕಟ್ಟನ್ನೂ ಕುರ್ಚಿಯನ್ನೂ ಮತ್ತೆ ಮತ್ತೆ ನೋಡಿದರು. ಆಮೇಲೆ ಅತ್ತಿಗೆಯ ಮುಖ ನೋಡಿದರು. ಅವಳು ಗುಂಡುಕಲ್ಲನ್ನು ದಿಟ್ಟಿಸುತ್ತಿದ್ದಳು. ಮನೆ ಹೋಯಿತು ಎಂಬುದು ಆ ಕಣ್ಣಿನಲ್ಲಿತ್ತು. ಅವನ ಮೇಲೆ ಸಿಟ್ಟೂ ಇತ್ತು, ಎಂದೂ ಇಳಿಯದಂಥದ್ದು.

"ಅತ್ತಿಗೆ," ಎಂದ ಗುಂಡುಕಲ್ಲು. "ಅಳಿ."

ಅವನ ಹಣೆಯಿಂದ ಜಾರಿ ಹೆಗಲ ಮೇಲೆ ನಿಂತಿದ್ದ ಕೈಯನ್ನು ಅವಳು ತೆಗೆದಳು. ಕುರ್ಚಿಯ ತನಕ ನಡೆದುಹೋಗಿ, ನೆಲಕ್ಕೆ ಕೂತು, ಗಂಡನ ಮೊಣಕಾಲುಗಳನ್ನು ತಬ್ಬಿಕೊಂಡು ಅತ್ತಳು.